ಮನೆಯವರ ರೇಟು

"ಸ್ವಲ್ಪ ಮೆಲ್ಲಗೆ ತುಳಿಯಮ್ಮಾ, ಗಾಜು ನಡುಗ್ತಿದೆ!" ಸ್ಟೂಲಿನ ಮೇಲೆ ನಿಂತಿದ್ದ ಮಗಳು ಕುಂಚದಿಂದ ಕಣ್ಣು ತೆಗೆಯದೆ ಕೂಗಿದಳು.

ತಾಯಿ ಹೊಲಿಗೆ ಯಂತ್ರದ ವೇಗ ತಗ್ಗಿಸಿದಳು, ನಿಲ್ಲಿಸಲಿಲ್ಲ. ನಿಲ್ಲಿಸುವಂತಿರಲಿಲ್ಲ. ಅವರ ಮನೆಯಲ್ಲಿ ದುಡ್ಡಿನ ಮಾತು ನಡೆಯುತ್ತಿದ್ದುದೇ ಹಾಗೆ: ಕೈಯಲ್ಲಿ ಕೆಲಸವಿರಬೇಕು, ಯಾರೂ ಯಾರ ಮುಖವನ್ನೂ ನೋಡಬಾರದು. ಹಿಂದೆ ಶಾಲೆಯ ಫೀಸನ್ನು ಮಗಳು ಕೇಳುತ್ತಿದ್ದುದು ಹೊಲಿಯುತ್ತಿದ್ದ ತಾಯಿಯ ಬೆನ್ನಿಗೆ. ಇವತ್ತು ಬೆನ್ನು ಮಗಳದ್ದು. ತಾಯಿಯ ಟೈಲರ್ ಅಂಗಡಿಯ ಗಾಜಿನ ಒಳಮೈಗೆ, ಬೀದಿಯವರಿಗೆ ನೆಟ್ಟಗೆ ಕಾಣಲೆಂದು, ಅಕ್ಷರಗಳನ್ನು ತಿರುವುಮುರುವಾಗಿ ಬರೆಯುತ್ತಿದ್ದಳು.

"ಎಷ್ಟಾಗುತ್ತೆ?" ಎಂದಳು ತಾಯಿ, ಸೂಜಿಯನ್ನು ಕೇಳುವಂತೆ.

ಕುಂಚ ನಿಂತಿತು. ಇವಳು ಮತ್ತೆ 'ಏನೂ ಬೇಡ' ಅಂದುಬಿಟ್ಟರೆ ಎಂದು ತಾಯಿಗೆ ದಿಗಿಲು. ಬೋರ್ಡು ಬರೆಯುವ ಕಸುಬು ಹಿಡಿದಾಗಿನಿಂದ ಈ ಹುಡುಗಿ ಸೋದರಮಾವನ ಗಾಡಿಗೆ, ಚಿಕ್ಕಪ್ಪನ ಬೇಕರಿಗೆ, ಗೆಳತಿಯ ಸಲೂನಿಗೆ ಬರೆದುಕೊಟ್ಟು, 'ನಮ್ಮವರ ಹತ್ರ ಹೇಗೆ ಕೇಳೋದು' ಅಂತ ಬರಿಗೈಯಲ್ಲಿ ಬಂದಿದ್ದಳು. ನಮ್ಮವರೇನು ಒಬ್ಬಿಬ್ಬರೇ? ಹೀಗೇ ಆದರೆ ಬಣ್ಣದ ಡಬ್ಬಿಗೂ ಗತಿಯಿಲ್ಲದೆ ಕಸುಬನ್ನೇ ಕೈಬಿಡುತ್ತಾಳೆ. ನಮ್ಮವರ ಹತ್ರವೂ ದುಡ್ಡು ಕೇಳುವುದನ್ನು ಕಲಿಯಲಿ ಎಂದೇ ತಾಯಿ ಅವಳನ್ನು ಈ ಕೆಲಸಕ್ಕೆ ಕರೆದದ್ದು.

"ಮೂರು ಸಾವಿರ," ಎಂದಳು ಮಗಳು, ಗಾಜಿಗೆ.

"ಮೂರಾ! ಚಿನ್ನ ಬಳೀತಿದ್ದೀಯೇನೇ? ಒಂದೂವರೆ ತಗೋ."

"ಬಣ್ಣಕ್ಕೇ ಅಷ್ಟಾಯ್ತು."

"ಮುಂದೆ ಇನ್ನೂ ಹತ್ತು ಅಂಗಡಿ ಕೆಲಸ ಕೊಡಿಸ್ತೀನಿ."

"ನಿನ್ನ ಗಿರಾಕಿಗಳು ಹೀಗಂದಾಗ ನೀನೇನಂತಿದ್ದೆ? 'ಆ ಹತ್ತು ಮೊದಲು ಬರಲಿ ಅಕ್ಕಾ, ಆಮೇಲೆ ನೋಡೋಣ' ಅಂತಿದ್ದೆ."

ತಾಯಿಗೆ ಒಳಗೊಳಗೇ ಹಿಗ್ಗು. ತನ್ನದೇ ಮಾತು, ತನ್ನದೇ ಧಾಟಿ! ಆದರೆ ಗಿರಾಕಿಯ ಎದುರು ಗಟ್ಟಿಯಾಗಿ ನಿಲ್ಲುವುದು ಸುಲಭ. ಹುಡುಗಿ ಕರಗುತ್ತಿದ್ದುದು ನಂಟಸ್ತಿಕೆಯ ಎದುರು. ತಾಯಿ ಪೆಡಲಿನಿಂದ ಕಾಲು ತೆಗೆದಳು. ದುಡ್ಡಿನ ಮಾತಿನ ನಡುವೆ ಯಂತ್ರ ನಿಂತದ್ದು ಅದೇ ಮೊದಲು. ಮಗಳು ಬೆಚ್ಚಿ ತಿರುಗಿ ನೋಡಿದಳು.

ತಾಯಿ ಅವಳ ಮುಖವನ್ನೇ ನೋಡುತ್ತ, ದನಿಯನ್ನು ಬೆಣ್ಣೆ ಮಾಡಿಕೊಂಡು ಹೇಳಿದಳು: "ಹೆತ್ತವಳು ಕಣೇ ನಾನು. ಎರಡು ಸಾವಿರ ಕೊಡ್ತೀನಿ, ಜೊತೆಗೆ ಒಂದು ಒಳ್ಳೆ ಕೋಟು ಹೊಲಿದುಕೊಡ್ತೀನಿ. ನನ್ನ ಬಂಗಾರ ಅಲ್ವಾ? ಹೂಂ ಅನ್ನು."

ಅನ್ನಬೇಡ, ಅನ್ನಬೇಡ ಎಂದು ತಾಯಿಯ ಮನಸ್ಸು ಜಪಿಸುತ್ತಿತ್ತು.

ಮಗಳು ಸ್ಟೂಲಿನಿಂದ ಇಳಿದಳು. ಕಿವಿ ಕೆಂಪಗಾಗಿತ್ತು, ಕಣ್ಣು ಮಾತ್ರ ಕದಲಲಿಲ್ಲ.

"ಆಗಲ್ಲಮ್ಮ," ಎಂದಳು. "ಮೂರು ಅಂದ್ರೆ ಮೂರೇ."