ಅರಿಶಿನದ ಕಾಲುಗಳು

ಆ ವರ್ಷ ರಾಚಮ್ಮನ ಕಾಲು ಹಳದಿಯಾಗಲಿಲ್ಲ.

ಪ್ರತಿ ಬೇಸಿಗೆಯಲ್ಲೂ ಆಗುತ್ತಿತ್ತು. ಸಾಹುಕಾರ ಬಸವಪ್ರಸಾದ್ ಬೇಯಿಸಿದ ಅರಿಶಿನವನ್ನು ತಮ್ಮ ಕಣದಲ್ಲಿ ಹರವಿಸಿದರೆಂದರೆ ಊರಿನ ಹೆಂಗಸರಿಗೆ ಕರೆ ಬರುತ್ತಿತ್ತು. ಸೀರೆ ಎತ್ತಿಕಟ್ಟಿ, ಕಾದ ಕೊಂಬುಗಳ ನಡುವೆ ಪಾದ ಎಳೆದುಕೊಂಡು ಸಾಲು ಸಾಲಾಗಿ ನಡೆಯಬೇಕು. ಕೆಳಗಿನದು ಮೇಲೆ ಬರಬೇಕು, ಮೇಲಿನದು ಕೆಳಗೆ ಹೋಗಬೇಕು. ಅದಕ್ಕೆ ಕಾಲಾಡಿಸುವುದು ಅನ್ನುತ್ತಾರೆ. ಹಿಮ್ಮಡಿ ಬಿರಿಯುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ಆದರೆ ಮುಂಗಾರು ಬೀಳುವವರೆಗೆ ಮನೆ ನಡೆಯುತ್ತಿದ್ದುದು ಆ ಕೂಲಿಯಿಂದಲೇ. ಈ ಸಲ ಕರೆ ಬರಲಿಲ್ಲ. ಸೊಸೈಟಿ ಅಕ್ಕಿಯ ಅನ್ನಕ್ಕೆ ಹುಣಸೆ ಚಿಗುರಿನ ಸಾರು, ಬೆಳಿಗ್ಗೆಯೂ ಅದೇ, ರಾತ್ರಿಯೂ ಅದೇ. ಕೇಳಲು ಹೋದರೆ, ಈ ವರ್ಷ ಆಳು ಬೇಡವಂತೆ ಎಂದು ಕಣದ ಕಾವಲಿನವನು ಬಾಗಿಲಲ್ಲೇ ಹೇಳಿ ಕಳಿಸಿದ.

ಒಂದು ಬೆಳಿಗ್ಗೆ ಮಗಳು ಬೃಂದಾ ಫುಟ್‌ಬಾಲ್ ಪ್ರಾಕ್ಟೀಸ್ ಮುಗಿಸಿ ಬಂದು ಹಿತ್ತಲಲ್ಲಿ ಕಾಲು ತೊಳೆದಳು. ಕಲ್ಲಿನ ಮೇಲೆ ಹರಿದ ನೀರು ಹಳದಿಯಾಗಿತ್ತು.

ರಾಚಮ್ಮ ಆ ನೀರನ್ನೇ ನೋಡುತ್ತ ನಿಂತಳು.

ಪ್ರಾಕ್ಟೀಸ್ ಮಾಡಿಸುವವನು ಅವಳ ಗಂಡ ರಂಗನಾಯಕ. ಒಂದು ಕಾಲಕ್ಕೆ ಅವನು ಸ್ಟ್ರೈಕರ್. ಮೈಸೂರಿನ ಕೆಳಗಿನ ಡಿವಿಷನ್ ಲೀಗಿನಲ್ಲಿ ಆಡಿದ್ದ. ಬೇಸಿಗೆ ಬಂದರೆ ಗುಂಡ್ಲುಪೇಟೆಯಿಂದ ತರಕಾರಿ ಲಾರಿ ಹತ್ತಿ ಗಡಿಯಾಚೆ ಕೇರಳದ ಬತ್ತೇರಿಗೆ ಹೋಗಿ, ಕೊಯ್ಲಾದ ಗದ್ದೆಗಳಲ್ಲಿ ಏಳೇಳು ಜನರ ಪಂದ್ಯ ಆಡುತ್ತಿದ್ದ. ಅಲ್ಲಿನವರಿಗೆ ಅವನ ಹೆಸರು ಗೊತ್ತಿರಲಿಲ್ಲ. "ಗುಂಡಲ್‌ಪೇಟ್, ಗುಂಡಲ್‌ಪೇಟ್" ಎಂದು ಊರಿನ ಹೆಸರು ಹಿಡಿದೇ ಕೂಗುತ್ತಿದ್ದರಂತೆ. ಇಡೀ ತಾಲ್ಲೂಕನ್ನು ಹೊತ್ತುಕೊಂಡು ಓಡಿದ ಗಂಡ ಮನೆಗೆ ಹೊತ್ತು ತರುತ್ತಿದ್ದುದು ಮಾತ್ರ ಒಂದು ಗೊನೆ ನೇಂದ್ರಬಾಳೆ. ಮೊಣಕಾಲು ಕೆಟ್ಟ ವರ್ಷ ಅಲ್ಲಿನ ತಂಡದ ಯಜಮಾನ ಅವನಿಗೆ ಶಾಲು ಹೊದಿಸಿ, ಕೈಮುಗಿದು, ಲಾರಿ ಹತ್ತಿಸಿದ. ಮತ್ತೆ ಕರೆಯಲಿಲ್ಲ. ಆ ಶಾಲನ್ನು ಚಳಿಗಾಲದಲ್ಲಿ ರಾಚಮ್ಮ ಕರುವಿಗೆ ಹೊದಿಸುತ್ತಾಳೆ. ಕರುವಾದರೂ ಬೆಚ್ಚಗಿರಲಿ ಎಂದು.

ಇವಳು ಗಂಡನ ಆಟವನ್ನು ಒಮ್ಮೆಯೂ ನೋಡಿದವಳಲ್ಲ. ಕೆಸರಾದ ಬನಿಯನ್ ಒಗೆದಿದ್ದಳು, ಅಷ್ಟೇ. ಅವನು ಗೋಲಿನ ಕತೆ ಹೇಳುವಾಗ ಹೂಂಗುಟ್ಟುತ್ತ, ಇವನ ಮುಖ ಅಲ್ಲಿ ಹೇಗಿದ್ದಿರಬಹುದು ಎಂದು ಒಬ್ಬಳೇ ಯೋಚಿಸುತ್ತಿದ್ದಳು.

ಈಗ ಅವನು ತರಕಾರಿ ಮಂಡಿಯಲ್ಲಿ ಟೊಮೆಟೊ ಕ್ರೇಟು ಜೋಡಿಸುತ್ತಾನೆ. ಅದಕ್ಕೆ ಮೊದಲು, ಬೆಳಗಿನ ಜಾವ, ಊರಿನ ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಾನೆ. ಜಾಗ ಕೊಟ್ಟವರು ಬಸವಪ್ರಸಾದ್. ಕಣದ ಅರ್ಧ ಅರಿಶಿನಕ್ಕೆ, ಅರ್ಧ ಚೆಂಡಿಗೆ. ಬೆನ್ನಿಗೆ ತಮ್ಮ ಹೆಸರು ಹಾಕಿಸಿದ ಜೆರ್ಸಿಯನ್ನೂ ಕೊಡಿಸಿದ್ದರು. ಜೊತೆಗೆ ಅವನನ್ನು 'ಕೋಚ್ ಸಾರ್' ಎಂದು ಕರೆದರು. ಹುಟ್ಟಿದಾಗಿನಿಂದ 'ಲೋ ರಂಗ' ಅನ್ನಿಸಿಕೊಂಡವನಿಗೆ ಆ 'ಸಾರ್' ತಲೆಗೇರಿತು.

ಅರಿಶಿನ ಹರವಿದ ದಿನ ಸಾಹುಕಾರರು ಹೇಳಿದ್ದರು: "ಕೋಚ್ ಸಾರ್, ದೊಡ್ಡ ಟೀಮ್‌ನೋರು ಸಮುದ್ರದ ಮರಳಲ್ಲಿ ಓಡಿಸ್ತಾರಂತೆ. ಕಾಲಿಗೆ ಬಲ ಬರ್ತದಂತೆ. ನಮ್ಗೆ ಸಮುದ್ರ ಇಲ್ಲ, ಅರಿಶಿನ ಅದೆ."

ರಂಗನಾಯಕನಿಗೆ ಹೌದಲ್ಲ ಅನ್ನಿಸಿತು. ಮಾರನೆಯ ದಿನದಿಂದ ಅವನು ವಿಸಿಲ್ ಊದಿದ ಕೂಡಲೇ ಹುಡುಗಿಯರು ಸೊಂಟದ ಮೇಲೆ ಕೈಯಿಟ್ಟು, ಬರಿಗಾಲು ಎಳೆಯುತ್ತ, ಅರಿಶಿನದಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ ಬರತೊಡಗಿದರು. ಹೆಂಡತಿ ವರ್ಷಗಟ್ಟಲೆ ಮಾಡಿದ ಕೆಲಸವೇ ಅದು. ಮುಂದೊಂದು ವಿಸಿಲ್ ಊದಿದ್ದರಿಂದ ಅವನಿಗೆ ಆಟದ ಹಾಗೆ ಕಂಡಿತು.

ಹಳದಿ ನೀರು ಹರಿದ ದಿನ ಸಂಜೆ ಅವನು ಊಟಕ್ಕೆ ಕುಳಿತಾಗ ರಾಚಮ್ಮ ಸಾರು ಬಡಿಸುತ್ತ ಕೇಳಿದಳು.

"ಕೋಚ್ ಸಾರ್, ನಿಮ್ ಐಕ್ಳು ಕಾಲಾಡ್ಸೋದ ಚೆಂದಾಗ್ ಕಲ್ತವ್ರಾ?"

"ಅದು ಕಾಲಾಡ್ಸೋದಲ್ಲ ಕಣಮ್ಮಿ. ಫಿಟ್ನೆಸ್ಸು."

"ಓಹೋ. ಅಂಗಾರೆ ನಾವು ಎಂಗಸ್ರು ಇಷ್ಟ್ ವರ್ಸ ಮಾಡಿದ್ದೂ ಫಿಟ್ನೆಸ್ಸೇಯಾ? ನಮ್ಗೆ ತಿಳೀದೆ ಕೂಲಿ ಈಸ್ಕಂಡ್ಬುಟ್ಟೊ ನೋಡು."

ಅವನ ತುತ್ತು ಕೈಯಲ್ಲೇ ನಿಂತಿತು. ತಗ್ಗಿದ ದನಿಯಲ್ಲಿ ಹೇಳಿದ: "ಆ ಜಾಗ ಹೋದ್ರೆ ಐಕ್ಳು ಎಲ್ಲಾಡವು?"

ಚೆಂಡಿನ ಹಿಂದೆ ಓಡುವಾಗ ಮಗಳ ಮುಖ ಹೇಗಿರುತ್ತದೆಂದು ಅವಳು ಬೇಲಿಯಾಚೆಯಿಂದ ಕದ್ದು ನೋಡಿದ್ದಳು. ತನ್ನ ಕೂಲಿ ಉಳಿಯಬೇಕೆಂದರೆ ಆ ಮುಖದ ಬೆಳಕು ಆರಬೇಕೆ? ಎರಡನ್ನೂ ಒಂದೇ ಕಣದಲ್ಲಿ ಹರವಿದ ಸಾಹುಕಾರರ ಜಾಣತನಕ್ಕೆ ಅವಳಿಗೆ ನಗುವೂ ಬಂತು.

ಮುಂದಿನ ಭಾನುವಾರ ಅದೇ ಕಣದಲ್ಲಿ ಚಂದಕವಾಡಿಯ ಹುಡುಗಿಯರೊಂದಿಗೆ ಪಂದ್ಯ. ಗೆದ್ದವರು ಚಾಮರಾಜನಗರಕ್ಕೆ ಆಡಲು ಹೋಗುವುದು. ಕೂಲಿಯಿಲ್ಲದ ಹೆಂಗಸರೆಲ್ಲ ಬದುವಿನ ಮೇಲೆ ಕುಳಿತು ನೋಡುತ್ತಿದ್ದರು. ಬೃಂದಾ ಒಂದು ಗೋಲು ಹೊಡೆದಳು. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತು ಅನ್ನುವಾಗ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮೋಡ ಕಪ್ಪಗೆ ಎದ್ದು ಬಂತು. ನೆನೆದರೆ ಅರಿಶಿನದ ಬಣ್ಣ ಕೆಡುತ್ತದೆ. ಬಸವಪ್ರಸಾದ್ ಪಂಚೆ ಹಿಡಿದುಕೊಂಡು ಓಡಿ ಬಂದರು.

"ಕೋಚ್ ಸಾರ್, ಹುಡುಗೀರ್ನ ಕರೀರಿ. ಬೇಗ ಅರಿಶಿನ ರಾಶಿ ಮಾಡ್ಬುಟ್ಟು ಆಮೇಲೆ ಆಡ್ಕಳ್ಲಿ."

ಆಟ ಬಿಟ್ಟು ಹೊರಗೆ ಹೋದವರು ಸೋತ ಲೆಕ್ಕ ಎಂದು ರೆಫರಿ ಮೊದಲೇ ಹೇಳಿದ್ದರು. ರಂಗನಾಯಕ ಅದನ್ನು ವಿನಯದಿಂದಲೇ ತಿಳಿಸಿದ.

"ಸೋತ್ರೆ ಸೋಲ್ಲಿ. ಲೋ ರಂಗ, ಕರೀ ಅಂದ್ರೆ ಕರೀಲಾ."

ಸಾರ್ ಮಾಯವಾಗಿತ್ತು. ರಂಗನಾಯಕನ ಕೈ ಕೊರಳಿನ ವಿಸಿಲ್ ಹತ್ತಿರ ಹೋಯಿತು. ಅದು ಬಾಯಿಗೆ ಬಂದರೆ ಹುಡುಗಿಯರು ಓಡಿ ಬರುತ್ತಾರೆ, ಹಾಗೆಯೇ ಅಭ್ಯಾಸ ಮಾಡಿಸಿದ್ದಾನೆ. ರಾಚಮ್ಮ ಬದುವಿನಿಂದ ಅವನ ಕೈಯನ್ನೇ ನೋಡುತ್ತಿದ್ದಳು. ಅವನು ವಿಸಿಲನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡ.

"ಬುದ್ಧಿ," ಅಂದ, "ಚಪ್ಲಿ ಬುಟ್ಟು ನೀವೇ ಇಳೀರಿ. ಕಾಲ್ಗೆ ಬಲ ಬತ್ತದೆ."

ಬದುವಿನ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಸಾಹುಕಾರರು ಹೆಂಗಸರ ಕಡೆ ತಿರುಗಿ, ಕುಂತು ಏನು ನೋಡುತ್ತಿದ್ದೀರಿ, ಬನ್ನಿ ಎಂದು ಗದರಿದರು. ಒಬ್ಬರೂ ಏಳಲಿಲ್ಲ.

"ಈ ವರ್ಸ ಆಳು ಬ್ಯಾಡ ಅಂದ್ರಲ್ಲಾ ಬುದ್ಧಿ," ಎಂದಳು ರಾಚಮ್ಮ. "ನಾವು ಆಟ ನೋಡಕ್ ಬಂದಿರೋರು."

ಆ ಗಳಿಗೆಯಲ್ಲಿ ಗಂಡನ ಮುಖ ನೋಡಿದಳು. ಬತ್ತೇರಿಯ ಗದ್ದೆಯಲ್ಲಿ ಇದ್ದಿರಬಹುದಾದ ಮುಖ ಇದೇ ಅನ್ನಿಸಿತು.

ಮಳೆ ಬಂತು. ಸಾಹುಕಾರರೂ ಕಾವಲಿನವನೂ ಟಾರ್ಪಾಲಿನ ಒಂದೊಂದು ತುದಿ ಹಿಡಿದು ಕಣದ ತುಂಬ ಜಾರುತ್ತಿದ್ದರು. ಹುಡುಗಿಯರು ನೆನೆಯುತ್ತಲೇ ಆಡಿ ಗೆದ್ದರು.

ಮಾರನೆಯ ಬೆಳಿಗ್ಗೆ ಕಣದ ಗೇಟಿಗೆ ಬೀಗ ಬಿದ್ದಿತ್ತು. ರಂಗನಾಯಕ ತನ್ನ ಕೈಯಾರೆ ಕಟ್ಟಿದ್ದ ಬಿದಿರಿನ ಗೋಲುಕಂಬಗಳನ್ನು ಕಿತ್ತು ರಸ್ತೆಗೆ ಎಸೆದಿದ್ದರು. ಗೇಟಿನ ಮುಂದೆ ನಿಂತಿದ್ದ ಹುಡುಗಿಯರು ಜೆರ್ಸಿಯನ್ನು ಮಗುಚಿ ತೊಟ್ಟುಕೊಂಡಿದ್ದರು. ಸಾಹುಕಾರರ ಹೆಸರು ಒಳಗೆ ಬೆವರಿಗೆ ಅಂಟಿಕೊಂಡಿತ್ತು.

ಇನ್ನು ಎಲ್ಲಿ ಆಡುವುದು ಎಂದು ಬೃಂದಾ ಕೇಳಿದಳು. ಅಪ್ಪನಿಗಿಂತ ಮೊದಲು ಅವ್ವ ಉತ್ತರ ಕೊಟ್ಟಳು. ಕೆರೆಯ ಅಂಗಳ ಬತ್ತಿ ಬಿದ್ದಿದೆ, ಕಲ್ಲು ಆರಿಸಿದರೆ ಆಯಿತು, ಆರಿಸಲು ಕೂಲಿಯಿಲ್ಲದ ಹೆಂಗಸರು ಊರ ತುಂಬ ಇದ್ದೇವೆ ಎಂದಳು.

ರಂಗನಾಯಕ ಉದ್ದದ ಕಂಬವೊಂದನ್ನು ಹೆಗಲಿಗೆ ಎತ್ತಿಕೊಂಡ. ಹಿಂದಿನ ತುದಿಗೆ ರಾಚಮ್ಮ ಹೆಗಲು ಕೊಟ್ಟಳು. ಸಾಹುಕಾರರ ಮನೆಯ ಮುಂದಿನ ರಸ್ತೆಯಲ್ಲೇ ನಡೆದರು. ಅವನು ಕುಂಟುತ್ತಿದ್ದ.

"ಮೊಣಕಾಲ್ ನೋಯ್ತದಾ, ಕೋಚ್ ಸಾರ್?"

"ಇಲ್ಲ ಕಣಮ್ಮಿ," ಅಂದ ತಿರುಗಿ ನೋಡದೆ. "ಫಿಟ್ನೆಸ್ಸು."