ಟೊರ್ಕಿಲ್‌ನ ಚುಕ್ಕಿ

ಟೊರ್ಕಿಲ್ ಎಂಬ ಮುದುಕ ಆಯುಷ್ಯವಿಡೀ ಹುಡುಕಿದ್ದು ಒಂದನ್ನೇ: ಜಗತ್ತು ಶುರುವಾದಾಗ ಮೊದಮೊದಲು ಹೊತ್ತಿಕೊಂಡ ನಕ್ಷತ್ರಗಳ ಗುಂಪು. ಅಷ್ಟು ದೂರದಿಂದ ಬರುವಷ್ಟರಲ್ಲಿ ಬೆಳಕು ಹಿಗ್ಗಿ ಹಿಗ್ಗಿ ಕೆಂಪಿಗೂ ಆಚೆಯ ಅವಕೆಂಪಾಗಿಬಿಡುತ್ತದೆ. ಕಣ್ಣಿಗೆ ದಕ್ಕುವುದಿಲ್ಲ, ದೂರದರ್ಶಕದ ಕ್ಯಾಮೆರಾಕ್ಕಷ್ಟೇ ಕಂಡೀತು. ಆ ಶುಕ್ರವಾರ ಅವನಿಗೆ ನಿವೃತ್ತಿ. ಹಿಂದಿನ ವಾರವಷ್ಟೇ ಅವನ ಚಿತ್ರದಲ್ಲಿ ಒಂದು ಚುಕ್ಕಿ ಕಂಡಿತ್ತು. ಬೇರೆ ಯಾವ ಬಣ್ಣದಲ್ಲೂ ಇಲ್ಲ, ಕಟ್ಟಕಡೆಯ ಕೆಂಪಿನಲ್ಲಿ ಮಾತ್ರ.

ಕಂಡವನೇ ಪರೀಕ್ಷಿಸಬಾರದೆಂಬುದು ಕೋಪನ್‌ಹೇಗನ್ನಿನ ನಮ್ಮ ಖಗೋಳ ತಂಡದ ಕಟ್ಟಳೆ. ಹೆತ್ತವರಿಗೆ ಹೆಗ್ಗಣ ಮುದ್ದು, ಗೊತ್ತಲ್ಲ. ಹಾಗಾಗಿ ಆ ಕೆಲಸ ನನ್ನ ಹಣೆಗೆ ಬಿತ್ತು.

ಮಧ್ಯಾಹ್ನವಾದರೆ ಸಾಕು, ಟೊರ್ಕಿಲ್ ಕಾಫಿ ಹಿಡಿದು ಬಂದು ನನ್ನ ಕಿಟಕಿಯ ಬಳಿ ಕೂರುತ್ತಿದ್ದ. ಹೊರಗೆ ಕೆರೆಯ ಮೇಲೆ ಮಂಜು.

"ಬೋದಿಲ್, ಆ ಚುಕ್ಕೀಲಿ ಇನ್ನೂ ಕಬ್ಬಿಣ ಹುಟ್ಟಿಲ್ಲ ಕಣೆ. ಉಪ್ಪಿಲ್ಲ. ಕಾಫಿಯಂತೂ ಇಲ್ವೇ ಇಲ್ಲ."

"ಹಂಗಾದ್ರೆ ನೀನು ಅಲ್ಲಿ ಅರ್ಧ ದಿನ ಬಾಳಲ್ಲ ಬಿಡು."

"ಬರೀ ಬೆಳಕು. ನೋಡೋರೇ ಇಲ್ದೆ ಉರೀತಿದೆ."

ಅವನು ಕಣ್ಣು ಮುಚ್ಚಿದ. ನಾನೂ ಮುಚ್ಚಿದೆ. ಮಂಜು ಕೋಣೆಯೊಳಕ್ಕೇ ಬಂದಂತಾಗಿ ಮೇಜು, ಗೋಡೆ, ನಮ್ಮ ವಯಸ್ಸು ಎಲ್ಲ ಕರಗಿ, ಇಬ್ಬರೂ ಆ ಬೆಳಕಿನೆದುರು ಸುಮ್ಮನೆ ನಿಂತಿದ್ದೆವು. ದೇವರೇ, ಇದು ನಿಜವಾಗಿರಲಿ ಎಂದು ಬೇಡಿಕೊಂಡೆ.

ಗುರುವಾರ, ಕೂಡಿಸಿ ಆ ಚಿತ್ರ ಮಾಡಿದ್ದ ಬಿಡಿ ಚಿತ್ರಗಳನ್ನು ಒಂದೊಂದಾಗಿ ತೆರೆದೆ. ಪ್ರತಿ ಚಿತ್ರಕ್ಕೂ ದೂರದರ್ಶಕವನ್ನು ತುಸು ಸರಿಸಿರುತ್ತಾರೆ; ಆಕಾಶದಲ್ಲಿರುವುದೆಲ್ಲ ಚಿತ್ರದಲ್ಲಿ ಜಾಗ ಬದಲಿಸಬೇಕು. ಎಲ್ಲ ನಕ್ಷತ್ರಗಳೂ ಸರಿದವು. ಹಾಳಾದ್ದು, ಚುಕ್ಕಿ ಮಾತ್ರ ಕದಲಲಿಲ್ಲ! ಅದು ಆಕಾಶದ್ದೇ ಅಲ್ಲ. ದೂರದರ್ಶಕ ಸ್ವಲ್ಪ ಮುಂಚೆ ನೋಡಿದ್ದ ಯಾವುದೋ ಪ್ರಖರ ನಕ್ಷತ್ರದ ಕಲೆ ಕ್ಯಾಮೆರಾದಲ್ಲಿ ಉಳಿದುಕೊಂಡಿತ್ತು.

"ಏನೇ, ಹರಳೆಣ್ಣೆ ಕುಡಿದೋಳ ಹಾಗೆ ಕೂತಿದೀಯ?" ಟೊರ್ಕಿಲ್ ಬಾಗಿಲಲ್ಲಿ ನಿಂತಿದ್ದ.

ಚುಕ್ಕಿ ನಿಜ ಅಂದುಬಿಟ್ಟರೆ ಮುದುಕ ಖುಷಿಯಾಗಿ ಮನೆಗೆ ಹೋಗುತ್ತಾನೆ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು.

"ಅದು ಕದಲ್ತಿಲ್ಲ, ಟೊರ್ಕಿಲ್."

ಅವನು ಪರದೆಯತ್ತ ನೋಡಲೂ ಇಲ್ಲ. ಕಾಫಿ ಅಲ್ಲೇ ಬಿಟ್ಟು ಹೊರಟುಹೋದ. ನನಗೆ ನನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಶುಕ್ರವಾರ ಎರಡು ಕೇಕ್ ಹೊತ್ತು ತಂದ.

"ಎರಡ್ಯಾಕೆ ಮಾರಾಯ?" ಎಂದು ಎಲ್ಲರೂ ರೇಗಿಸಿದರು.

"ಒಂದು ಹೊರಟಿದ್ದಕ್ಕೆ, ಇನ್ನೊಂದು ಎಡವಿದ್ದಕ್ಕೆ. ಚುಕ್ಕಿ ಸುಳ್ಳು ಕಣ್ರೋ."

ನಮ್ಮಲ್ಲಿ ಎಡವಟ್ಟು ಮಾಡಿದವರು ಎಲ್ಲರಿಗೂ ಕೇಕ್ ತಿನ್ನಿಸಲೇಬೇಕು.

ಎಲ್ಲಕ್ಕಿಂತ ದೊಡ್ಡ ಚೂರನ್ನು ನನ್ನ ತಟ್ಟೆಗೆ ಹಾಕಿ, ಕಿವಿಯ ಹತ್ತಿರ ಬಗ್ಗಿದ. "ಬುಧವಾರ ನಾನೇ ಆ ಬಿಡಿ ಚಿತ್ರಗಳನ್ನ ಕದ್ದು ನೋಡಿದ್ದೆ, ಚುಕ್ಕಿ ಕದಲಿರ್ಲಿಲ್ಲ. ಆದ್ರೂ ನೀನು ನಿಜ ಅಂದಿದ್ರೆ, ನಂಬಿಬಿಡ್ತಿದ್ದೆ ಕಣೆ."