ತುಳಿಯುವ ಪಾದ

ಸವೆದಿರುವುದು ಹೆಬ್ಬೆರಳ ಬುಡದಲ್ಲಿ, ಹಿಮ್ಮಡಿಯ ಜಾಗದಲ್ಲಿ ಮಾತ್ರ ಉಪ್ಪುಕಾಗದದಿಂದ ತಾನು ಉಜ್ಜಿದ ಗೆರೆಗಳೂ ಮಾಸಿಲ್ಲ — ಅಕ್ಕನ ಶೂನಿಂದ ತೆಗೆದ ಒಳಅಟ್ಟೆಯನ್ನು ಅವನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ, ಇದೆಂಥ ಸೋಜಿಗ, ಏಣಿಯಿಂದ ಜಾರಿ ಮುರಿದದ್ದು ಹಿಮ್ಮಡಿ, ಡಾಕ್ಟರು ಮೊಳೆ ಹಾಕಿ ಕೂಡಿಸಿದ್ದು ಹಿಮ್ಮಡಿ, ಅದಕ್ಕೆಂದೇ ಅಲ್ಲವೆ ತಾನು ಮೂರು ದಿನ ಶೂ ಅಂಗಡಿಯ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಕಾರ್ಕಿನ ಮೇಲೆ ಮೆತ್ತನೆಯ ಫೋಮು ಅಂಟಿಸಿ ಬಟ್ಟಲಿನಂತೆ ತಗ್ಗು ಕೊರೆದದ್ದು, ಇಪ್ಪತ್ತು ವರ್ಷದಿಂದ ಕಂಡಕಂಡವರ ಕಾಲು ಹಿಡಿದವನಿಗೆ — ಕಾಲು ಹಿಡಿಯೋದೇ ನಿನ್ನ ಕಸುಬು ಬಿಡು ಎಂದು ಅಕ್ಕ ನಗುತ್ತಿದ್ದಳು — ಒಡಹುಟ್ಟಿದವಳ ಕಾಲೇ ತಿಳಿಯದೆ ಹೋಯಿತೆ. ನೋವಿಗೆ ಹೆದರಿ ತುದಿಗಾಲಲ್ಲಿ ನಡೆಯುತ್ತಿದ್ದಾಳೋ, ಹಾಗಿದ್ದರೆ ಐದೂ ಬೆರಳಿನ ಗುರುತು ಬೀಳಬೇಕು, ಇಲ್ಲಿರುವುದು ಒಂದೇ ಕುಳಿ, ಒತ್ತಿ ಬಿಟ್ಟು ಒತ್ತಿ ಬಿಟ್ಟಂತೆ, ನಡೆಯುವವರು ಹೀಗೆ ಒತ್ತುವುದಿಲ್ಲ. ನಡೀತಿದ್ದೀಯಾ ಅಕ್ಕಾ ಎಂದು ಕೇಳಿದ, ನಡೀತೀನಪ್ಪ, ನೀನು ಹೇಳಿದ ಹಾಗೇ, ಮುಖ ಎತ್ತದೆ ಬಟ್ಟೆ ಮಡಿಸುತ್ತಾಳೆ, ಸುಳ್ಳು ಹೇಳುವಾಗ ಚಿಕ್ಕಂದಿನಿಂದಲೂ ಹೀಗೇ, ಕೈಗೆ ಕೆಲಸ ಹಚ್ಚಿಕೊಳ್ಳುತ್ತಾಳೆ — ಆಗಲೇ ಕಂಡಿತು, ಕುಳಿಯ ಅಂಚಿಗೆ ಅಂಟಿದ ನೀಲಿ ದಾರದ ತುಣುಕು. ಶಾಲೆ ತೆರೆಯುವ ಹೊತ್ತು, ಅಕ್ಕ ವರ್ಷವರ್ಷ ಹೊಲಿಯುವ ಸಮವಸ್ತ್ರದ ನೀಲಿ ಲಂಗಗಳು, ಮೂಲೆಯ ಹೊಲಿಗೆ ಮಿಷನ್ನಿನ ಮೇಲೆ ಹಾಸುಬಟ್ಟೆ ಹೊದಿಸಿದೆ, ಬಟ್ಟೆಯ ಮೇಲೆ ಮಾತ್ರ ಧೂಳೇ ಇಲ್ಲ.

ಮಿಷನ್ ತುಳೀತಿದ್ದೀಯ. ಅಕ್ಕ ಮಡಿಸುವುದನ್ನು ನಿಲ್ಲಿಸಿದಳು. ಮತ್ತೇನು ಮಾಡ್ಲಿ, ನಡೆದು ನಾನೆಲ್ಲಿಗೆ ಹೋಗ್ಬೇಕೋ, ನನ್ನ ಕೆಲಸ ಇರೋದೇ ಕೂತಲ್ಲಿ, ಹಿಮ್ಮಡಿ ಒತ್ತಿದ್ರೆ ಜೀವ ಹೋಗುತ್ತೆ, ಎಡಗಾಲಲ್ಲಿ ತುಳಿದ್ರೆ ತಾಳ ತಪ್ಪಿ ದಾರ ಹರಿಯುತ್ತೆ, ಅದಕ್ಕೇ ಬೆರಳಲ್ಲಿ ತುಳೀತೀನಿ, ಈಗ ಬೆರಳೂ ಜೋಮು ಹಿಡೀತಿದೆ. ಮೊದಲೇ ಹೇಳೋಕೇನಾಗಿತ್ತು ಅಂದರೆ — ಮೂರು ದಿನ ನನ್ನ ಕಾಲನ್ನೇ ನೋಡಿದೆ, ನನ್ನನ್ನ ಒಂದು ಮಾತು ಕೇಳಿದ್ಯಾ.

ಕೇಳಿರಲಿಲ್ಲ. ಅಳೆದಿದ್ದ, ಅಚ್ಚು ತೆಗೆದಿದ್ದ, ಕೇಳಿರಲಿಲ್ಲ, ಪಾದ ಎಂದರೆ ನಡಿಗೆ ಎಂದುಕೊಂಡಿದ್ದ. ಹಾಸುಬಟ್ಟೆ ಸರಿಸಿ, ಸ್ಟೂಲು ಎಳೆದು ಕೂತು, ತನ್ನ ಶೂ ಬಿಚ್ಚಿ ಬರಿಗಾಲನ್ನು ಪೆಡಲಿನ ಮೇಲಿಟ್ಟ, ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ಟನೆ ಹರಿಯಿತು, ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಇನ್ನೊಮ್ಮೆ — ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು, ಅರೆ, ಇಲ್ಲಿ ಮೈಭಾರವೇ ಇಲ್ಲ, ತೊಟ್ಟಿಲು ತೂಗಿದ ಹಾಗೆ, ಹಿಮ್ಮಡಿಯ ಹಿಂಬದಿ ಮಾತ್ರ ಕಬ್ಬಿಣಕ್ಕೆ ತಾಗುತ್ತದೆ, ಹಾಗಾದರೆ ಬಟ್ಟಲು ಬೇಡ, ಇಳಿಜಾರು ಬೇಕು, ಹಿಂದೆ ದಪ್ಪ, ಪಾದದ ಕಮಾನಿನಡಿ ಗಟ್ಟಿ, ಒತ್ತಡ ಕಮಾನಿಗೆ ಬಿದ್ದರೆ ಮೊಳೆಗೆ ತಾಗದು, ಎಲ್ಲಿಂದ ಎಲ್ಲಿಯವರೆಗೆ ಎಂದು ಅಳೆಯಲು ಬಗ್ಗಿದ, ಬಗ್ಗಿದವನು ಹಾಗೇ ಉಳಿದ — ಪೆಡಲಿನ ಕರಿ ಬಣ್ಣ ಹಿಂದುಗಡೆ ಅರ್ಧಚಂದ್ರದಷ್ಟು ಸವೆದು ಬಿಳಿಯ ಕಬ್ಬಿಣ ಕಾಣುತ್ತಿದೆ, ಅವಳದೇ ಹಿಮ್ಮಡಿ, ಮುರಿಯುವ ಮುಂಚಿನದು, ಅದರ ಮೇಲೆ, ಅವನ ಕಾಲು ಒರೆಸದೆ ಬಿಟ್ಟಲ್ಲಿ, ತೆಳ್ಳಗೆ ಧೂಳು.